ಒಣಗಿಯೂ ಒಣಗದ ಮಾಂಸ: ಬಾಕ್ವಾ ಯಾರ ತಿಂಡಿ?

ಪ್ರಶ್ನೆ: ಮಗಳು–ಅಳಿಯ ಸಿಂಗಪುರದಲ್ಲಿದ್ದಾರೆ. ಚೀನೀ ಹೊಸ ವರ್ಷಕ್ಕೆ ಮುಂಚೆ ನಮ್ಮನ್ನು ಅಲ್ಲಿಗೆ ಕರೆಸಿಕೊಂಡಿದ್ದರು. ಚೈನಾಟೌನಿನ ಒಂದು ಅಂಗಡಿಯ ಮುಂದೆ ಉದ್ದಾನುದ್ದ ಸಾಲು. ಕೆಂಪಗೆ ಹೊಳೆಯುವ ಚೌಕಾಕಾರದ ಮಾಂಸದ ಹಾಳೆಗಳನ್ನು ಜನ ಕಿಲೋಗಟ್ಟಲೆ ಒಯ್ಯುತ್ತಿದ್ದರು. ‘ಒಣಮಾಂಸ’ ಎಂದರು. ಬಾಯಿಗಿಟ್ಟರೆ ಮೆತ್ತಗೆ, ಸಿಹಿ! ನಮ್ಮ ಕಡೆಯ ಒಣಮೀನು, ಒಣಬಾಡು ಎಲ್ಲ ಗಟ್ಟಿ, ಉಪ್ಪುಪ್ಪು. ಇದೇಕೆ ಹೀಗೆ? ಇದು ಚೀನಾದ ತಿಂಡಿಯೋ, ಸಿಂಗಪುರದ್ದೋ? ಊರಿಗೆ ಒಂದಿಷ್ಟು ತರಬಹುದಿತ್ತೇ?
— ಓದುಗರು, ಶಿವಮೊಗ್ಗ

ಉತ್ತರ: ನೀವು ತಿಂದದ್ದು ಬಾಕ್ವಾ. ಸಿಂಗಪುರ, ಮಲೇಷ್ಯಾಗಳಲ್ಲಿ ಹೊಕ್ಕಿಯೆನ್ ಮಾತಾಡುವ ಚೀನೀಯರು ಅದನ್ನು ಕರೆಯುವುದು ಹಾಗೆ. ನಿಮ್ಮ ಎರಡನೇ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಅದು ಹುಟ್ಟಿದ್ದು ಚೀನಾದಲ್ಲಿ. ನಿಮ್ಮ ನಾಲಿಗೆಗೆ ಸಿಕ್ಕ ಆ ಸಿಹಿ, ಆ ಹೊಗೆಯ ಘಮ, ಆ ಮೃದುತನ ಕೂಡಿಬಂದದ್ದು ವಲಸೆ ಹೋದ ಚೀನೀಯರ ಕೈಯಲ್ಲಿ, ಸಮುದ್ರದ ಈಚೆಗೆ. ಹಾಗಾಗಿ ಅದನ್ನು ಸಿಂಗಪುರ–ಮಲೇಷ್ಯಾಗಳ ತಿಂಡಿ ಎಂದೇ ಕರೆಯಬೇಕೆನ್ನುವುದು ನನ್ನ ಅಭಿಪ್ರಾಯ. ಯಾಕೆ ಎನ್ನುವುದಕ್ಕೆ ಅದನ್ನು ಮಾಡುವ ಬಗೆಯಿಂದಲೇ ಶುರು ಮಾಡೋಣ.

ಹಂದಿಯ ಹಿಂಗಾಲಿನ ಮಾಂಸ, ಜೊತೆಗೆ ಸ್ವಲ್ಪ ಕೊಬ್ಬು. ಎರಡನ್ನೂ ಸಣ್ಣಗೆ ಕೊಚ್ಚಿ ಸಕ್ಕರೆ, ಸೋಯಾ ಸಾಸ್, ಮೀನಿನ ಸಾಸ್, ಅಕ್ಕಿಯ ಮದ್ಯ, ಬಿಳಿ ಮೆಣಸು, ಐದು ಮಸಾಲೆಯ ಪುಡಿ ಸೇರಿಸುತ್ತಾರೆ. ಆ ಐದರಲ್ಲಿ ಚಕ್ರಮೊಗ್ಗು, ಚಕ್ಕೆ, ಲವಂಗ, ಸೋಂಪು ನಮಗೆ ಗೊತ್ತಿರುವವೇ. ಐದನೆಯದು ಸಿಚುವಾನ್ ಮೆಣಸು. ನಮ್ಮ ಕರಾವಳಿಯ ಕೊಂಕಣಿ ಮನೆಗಳಲ್ಲಿ ಮೀನಿನ ಸಾರಿಗೆ ಹಾಕುವ ತೆಪ್ಪಲ್ ಕೂಡ ಅದೇ ಕುಲದ ಗಿಡದ ಕಾಯಿ. ಇಷ್ಟನ್ನೂ ಹಾಕಿ ಮಾಂಸವನ್ನು ಒಂದೇ ದಿಕ್ಕಿಗೆ ತಿರುವುತ್ತಾ ಕಲಸಬೇಕು. ಉಪ್ಪಿನ ಅಂಶಕ್ಕೆ ಮಾಂಸದೊಳಗಿನ ಪ್ರೋಟೀನ್ ಹೊರಬಂದು ಮಿಶ್ರಣ ಅಂಟಂಟಾಗುತ್ತದೆ. ಮುಂದೆ ಹಾಳೆ ಹರಿಯದೆ ನಿಲ್ಲುವುದು ಈ ಅಂಟಿನಿಂದ. ಕಲಸಿದ್ದನ್ನು ಎಣ್ಣೆ ಸವರಿದ ಬಿದಿರಿನ ತಟ್ಟೆಯ ಮೇಲೆ ತೆಳ್ಳಗೆ ಹರಡುತ್ತಾರೆ. ಮಲೆನಾಡಿನಲ್ಲಿ ಮಾವಿನ ರಸವನ್ನು ಚಾಪೆಯ ಮೇಲೆ ಸವರಿ ಮಾಂಬಳ ಮಾಡುವುದನ್ನು ನೀವು ಕಂಡಿರುತ್ತೀರಿ. ಈ ಹಂತದಲ್ಲಿ ಎರಡೂ ಕೆಲಸ ಹೆಚ್ಚುಕಡಿಮೆ ಒಂದೇ.

ಆಮೇಲೆ ಹದವಾದ ಶಾಖದಲ್ಲಿ, ಐವತ್ತು ಅರವತ್ತು ಡಿಗ್ರಿಯ ಆಸುಪಾಸಿನಲ್ಲಿ, ಗಂಟೆಗಟ್ಟಲೆ ಆರಿಸುತ್ತಾರೆ. ಮೇಲ್ಮೈ ಬಿಗಿದು ತಟ್ಟೆಯಿಂದ ಹಾಳೆಯಾಗಿ ಎದ್ದು ಬಂದರೆ ಒಣಗಿಸುವ ಕೆಲಸ ಮುಗಿಯಿತು. ಚೌಕಾಕಾರಕ್ಕೆ ಕತ್ತರಿಸಿ ಇದ್ದಿಲ ಕೆಂಡದ ಮೇಲಿನ ಜಾಲರಿಗೆ ಹಾಕುತ್ತಾರೆ. ಹಳೆಯ ಅಂಗಡಿಗಳಲ್ಲಿ ಈ ಕೆಲಸ ಗಿರಾಕಿಗಳ ಕಣ್ಣೆದುರೇ ನಡೆಯುತ್ತದೆ. ಬೇಯಿಸುವವರು ಇಕ್ಕಳದಿಂದ ಹಾಳೆಗಳನ್ನು ಒಂದರ ಹಿಂದೊಂದು ಮಗುಚುತ್ತಲೇ ಇರಬೇಕು. ಒಂದು ಕ್ಷಣ ಕೈ ತಡವಾದರೆ ಸಕ್ಕರೆ ಸೀದು ಕಹಿಯಾಗುತ್ತದೆ. ಕೊಬ್ಬು ಕರಗಿ ಕೆಂಡಕ್ಕೆ ತೊಟ್ಟಿಕ್ಕುತ್ತದೆ, ಹೊಗೆ ಏಳುತ್ತದೆ, ಆ ಹೊಗೆ ಮತ್ತೆ ಮಾಂಸಕ್ಕೇ ಹತ್ತುತ್ತದೆ. ಸಕ್ಕರೆ ಕಂದುಗೆಂಪಾಗಿ ಕರಗಿ ಮೇಲೆ ಗಾಜಿನ ಹೊಳಪು ಬರುತ್ತದೆ. ಕೆಳಗಿಳಿಸಿದ ಮೇಲೆ ಇನ್ನೊಬ್ಬರು ಕತ್ತರಿ ಹಿಡಿದು, ಅಂಚಿನಲ್ಲಿ ಕರಿಕಾದ ಚೂರುಗಳನ್ನೆಲ್ಲ ಒಂದೊಂದಾಗಿ ಕತ್ತರಿಸಿ ತೆಗೆಯುತ್ತಾರೆ. ಒಳ್ಳೆಯ ಅಂಗಡಿಯನ್ನು ಗುರುತಿಸಲು ನಾನು ನೋಡುವುದು ಈ ಕತ್ತರಿಯ ಕೆಲಸವನ್ನೇ. ಕರಿಕನ್ನು ತೆಗೆಯುವಷ್ಟು ವ್ಯವಧಾನ ಇರುವವರು ಮಾಂಸ ಆರಿಸುವಾಗಲೂ ವ್ಯವಧಾನದಿಂದ ಇರುತ್ತಾರೆ.

ಈಗ ನಿಮ್ಮ ಮೊದಲ ಪ್ರಶ್ನೆ. ಒಣಮಾಂಸ ಎಂದ ಮೇಲೆ ಮೆತ್ತಗಿರುವುದು ಹೇಗೆ?

ಮಾಂಸ ಕೆಡುವುದು ಅದರಲ್ಲಿರುವ ನೀರು ಬ್ಯಾಕ್ಟೀರಿಯಾಗಳ ಪಾಲಾಗುವುದರಿಂದ. ಹಾಗಾಗಿ ಎಷ್ಟು ನೀರಿದೆ ಎನ್ನುವುದಕ್ಕಿಂತ, ಅದರಲ್ಲಿ ಎಷ್ಟು ನೀರು ಅವಕ್ಕೆ ದಕ್ಕುತ್ತದೆ ಎನ್ನುವುದೇ ಮುಖ್ಯ. ಆಹಾರ ವಿಜ್ಞಾನಿಗಳು ಇದನ್ನು ಸೊನ್ನೆಯಿಂದ ಒಂದರವರೆಗಿನ ಅಳತೆಯಲ್ಲಿ ಹೇಳುತ್ತಾರೆ. ಹಸಿ ಮಾಂಸದಲ್ಲಿ ಅದು 0.99ರಷ್ಟು. 0.91ಕ್ಕಿಂತ ಕೆಳಗಿಳಿದರೆ ಬಹುಪಾಲು ಬ್ಯಾಕ್ಟೀರಿಯಾಗಳು ಬೆಳೆಯಲಾರವು. ಹಟಮಾರಿಯಾದ ಸ್ಟ್ಯಾಫಿಲೊಕಾಕಸ್ ಕೂಡ 0.86ರ ಸುಮಾರಿಗೆ ಸೋಲುತ್ತದೆ. ಈ ಅಂಕಿ ಇಳಿಸಲು ಎರಡು ದಾರಿ. ಬಿಸಿಲಿಗೆ ಹಾಕಿ ನೀರನ್ನೇ ಓಡಿಸುವುದು ಒಂದು. ನಮ್ಮ ಒಣಮೀನಿನ ದಾರಿ ಅದು, ಆದ್ದರಿಂದಲೇ ಅದು ಗಟ್ಟಿ. ನೀರನ್ನು ಒಳಗೇ ಕಟ್ಟಿಹಾಕುವುದು ಇನ್ನೊಂದು. ಉಪ್ಪು ಆ ಕೆಲಸ ಮಾಡುತ್ತದೆ, ಸಕ್ಕರೆಯೂ ಮಾಡುತ್ತದೆ. ಬಾಕ್ವಾದಲ್ಲಿ ಒಂದಿಷ್ಟು ನೀರು ಆರಿ ಹೋಗುತ್ತದೆ, ಉಳಿದ ನೀರನ್ನು ಸಕ್ಕರೆ, ಸಾಸ್‌ಗಳು ಹಿಡಿದಿಟ್ಟುಕೊಳ್ಳುತ್ತವೆ. ನೀರು ಉಳಿದಿರುವುದರಿಂದ ಹಲ್ಲಿಗೆ ಮೆತ್ತಗೆ. ಆ ನೀರು ಕಟ್ಟುಬಿದ್ದಿರುವುದರಿಂದ ಬೇಗ ಕೆಡದು. ಸಿಹಿಯನ್ನು ರುಚಿಗೆಂದು ಮಾತ್ರ ಹಾಕಿದ್ದಾರೆ ಅಂದುಕೊಂಡರೆ ಅರ್ಧ ವಿಷಯ ತಪ್ಪಿಹೋಗುತ್ತದೆ.

ಆದರೂ ಅದು ವರ್ಷಗಟ್ಟಲೆ ಇಡುವ ವಸ್ತುವಲ್ಲ. ಅಂಗಡಿಯಲ್ಲಿ ಆಗತಾನೆ ಸುಟ್ಟು ಕಟ್ಟಿಕೊಟ್ಟದ್ದನ್ನು ಹೆಚ್ಚೆಂದರೆ ಒಂದೆರಡು ವಾರದೊಳಗೆ ತಿಂದು ಮುಗಿಸಬೇಕು. ಗಾಳಿ ತೆಗೆದು ಪ್ಯಾಕ್ ಮಾಡಿದ್ದು ಇನ್ನಷ್ಟು ದಿನ ಬಾಳುತ್ತದೆ, ಆದರೆ ಇದ್ದಿಲಿನ ಘಮ ಅಷ್ಟು ಉಳಿಯುವುದಿಲ್ಲ.

ಚೀನೀಯರಿಗೆ ಮಾಂಸ ಒಣಗಿಸುವುದು ತೀರ ಹಳೆಯ ವಿದ್ಯೆ. ಕನ್‌ಫ್ಯೂಷಿಯಸ್‌ನ ಮಾತುಗಳ ಸಂಗ್ರಹದಲ್ಲಿ ಗುರುವಿಗೆ ಶಿಷ್ಯ ಒಪ್ಪಿಸುವ ಕಾಣಿಕೆಯಾಗಿ ಒಣಮಾಂಸದ ಕಟ್ಟಿನ ಪ್ರಸ್ತಾಪ ಇದೆ. ಹುನಾನ್ ಪ್ರಾಂತ್ಯದ ಚಾಂಗ್‌ಶಾ ನಗರದ ಬಳಿ ಮಾವಾಂಗ್‌ದುಯ್ ಎಂಬಲ್ಲಿ 1972ರಲ್ಲಿ ಅಗೆದು ತೆಗೆದ ಕ್ರಿ.ಪೂ. 2ನೇ ಶತಮಾನದ ಸಮಾಧಿಯೊಂದಿದೆ. ಅಲ್ಲಿ ಶ್ರೀಮಂತ ಮನೆತನದ ಹೆಣ್ಣುಮಗಳೊಬ್ಬಳ ದೇಹ ಕೆಡದೆ ಉಳಿದಿತ್ತು. ಅವಳ ಪರಲೋಕದ ಊಟಕ್ಕೆಂದು ಇಟ್ಟ ಪದಾರ್ಥಗಳನ್ನು ಬಿದಿರಿನ ಪಟ್ಟಿಗಳಲ್ಲಿ ಬರೆದಿಟ್ಟಿದ್ದರು. ಆ ಪಟ್ಟಿಯಲ್ಲೂ ಒಣಮಾಂಸ ಇದೆ. 6ನೇ ಶತಮಾನದಲ್ಲಿ ಜಿಯಾ ಸಿಷಿಯೆ ಎಂಬಾತ ಬರೆದ ‘ಚೀಮಿನ್ ಯಾವೊಶು’ ಎಂಬ ಕೃಷಿ ಗ್ರಂಥ ಮಾಂಸ ಒಣಗಿಸುವುದಕ್ಕೆಂದೇ ಒಂದು ಅಧ್ಯಾಯ ಮೀಸಲಿಟ್ಟಿದೆ. ಇಂದಿಗೂ ಜಿಯಾಂಗ್ಸು ಪ್ರಾಂತ್ಯದ ಜಿಂಗ್‌ಜಿಯಾಂಗ್ ಊರು ಹಂದಿಮಾಂಸದ ಹಾಳೆಗಳಿಗೆ ಹೆಸರುವಾಸಿ. ಕ್ಯಾಂಟನ್ ಕಡೆಯವರ ಒಣ ಸಾಸೇಜ್ ಲಾಪ್ ಚಿಯಾಂಗ್, ಫುಜಿಯಾನಿನವರು ಹತ್ತಿಯ ಎಳೆಯಷ್ಟು ನವಿರಾಗಿ ಬಿಡಿಸಿ ಹುರಿದು ಗಂಜಿಯ ಮೇಲೆ ಉದುರಿಸಿಕೊಳ್ಳುವ ಮಾಂಸ, ಇವೆಲ್ಲ ಈ ದೊಡ್ಡ ಮನೆತನದವೇ.

ಬಾಕ್ವಾದ ತವರು ಫುಜಿಯಾನ್. ಚೀನಾದ ಆಗ್ನೇಯ ಕರಾವಳಿಯ ಆ ಪ್ರಾಂತ್ಯದಲ್ಲಿ ಬೆಟ್ಟಗುಡ್ಡವೇ ಜಾಸ್ತಿ, ಉಳುವ ನೆಲ ಕಡಿಮೆ. ಹಳ್ಳಿಯ ಬಡವರಿಗೆ ಮಾಂಸ ಹಬ್ಬದ ದಿನದ ಊಟ. ಹೊಸ ವರ್ಷಕ್ಕೆ ಹಂದಿ ಕಡಿದರೆ, ಉಂಡು ಮಿಕ್ಕಿದ್ದನ್ನು ಕೆಡದಂತೆ ಕಾಪಾಡಲು ತೆಳ್ಳಗೆ ಸೀಳಿ, ಮಸಾಲೆ ಸವರಿ, ಗಾಳಿಗೆ ಒಣಹಾಕುತ್ತಿದ್ದರು. ಹಾಗಾಗಿ ಬಾಕ್ವಾಕ್ಕೂ ಹೊಸ ವರ್ಷಕ್ಕೂ ನಂಟು ಮೊದಲಿನಿಂದ ಇದ್ದದ್ದೇ.

ಆ ನೆಲ ಸಾಕಾಗದೆ ಜನ ಹಡಗು ಹತ್ತಿದರು. 1819ರಲ್ಲಿ ಬ್ರಿಟಿಷರು ಸಿಂಗಪುರದಲ್ಲಿ ಠಾಣೆ ಹೂಡಿದರು. 1842ರ ನಾನ್‌ಜಿಂಗ್ ಒಪ್ಪಂದದ ನಂತರ ಫುಜಿಯಾನಿನ ಶಿಯಾಮೆನ್ ಬಂದರು ಪರದೇಶಿ ವ್ಯಾಪಾರಕ್ಕೆ ತೆರೆದುಕೊಂಡಿತು. ಕೂಲಿಗಳು, ದೋಣಿಯವರು, ಸಣ್ಣ ವ್ಯಾಪಾರಿಗಳು ಅಲೆಅಲೆಯಾಗಿ ದಕ್ಷಿಣಕ್ಕೆ ಬಂದರು. ಇಂದಿಗೂ ಸಿಂಗಪುರದ ಚೀನೀಯರಲ್ಲಿ ಫುಜಿಯಾನಿನಿಂದ ಬಂದ ಈ ಹೊಕ್ಕಿಯೆನ್ ಮೂಲದವರದೇ ದೊಡ್ಡ ಪಂಗಡ. ಅವರು ಊರಿಗೆ ದುಡ್ಡಿನ ಜೊತೆ ಕಳಿಸುತ್ತಿದ್ದ ಕಾಗದಗಳನ್ನು ಯುನೆಸ್ಕೊ 2013ರಲ್ಲಿ ತನ್ನ ವಿಶ್ವಸ್ಮೃತಿಯ ಪಟ್ಟಿಗೆ ಸೇರಿಸಿತು. ಹೊಟ್ಟೆ ಕಟ್ಟಿ ಉಳಿಸಿದ ಕಾಸು ಆ ಕಾಗದಗಳೊಡನೆ ಸಮುದ್ರ ದಾಟುತ್ತಿತ್ತು ಎನ್ನುವುದನ್ನು ನೆನೆದರೆ, ಅವರು ಹಬ್ಬಕ್ಕೆ ಒಂದು ತುಂಡು ಮಾಂಸ ಕೊಳ್ಳುವುದೂ ಎಂಥ ದೊಡ್ಡ ಖರ್ಚಾಗಿತ್ತು ಎಂದು ತಿಳಿಯುತ್ತದೆ.

ಬಂದ ನಾಡಿನಲ್ಲಿ ಚಳಿಗಾಲವೇ ಇಲ್ಲ. ಸಮಭಾಜಕದ ಪಕ್ಕದ ಸಿಂಗಪುರದಲ್ಲಿ ವರ್ಷವಿಡೀ ಸೆಕೆ, ಮಳೆ, ತೇವ. ಒಣ ತಂಗಾಳಿಗೆ ಮಾಂಸ ತೂಗುಹಾಕುವ ಊರಿನ ಪದ್ಧತಿ ಅಲ್ಲಿ ನಡೆಯುವಂಥದ್ದಲ್ಲ. ಅಂಥ ಹವೆಯಲ್ಲಿ ಮಾಂಸ ಆರುವ ಮೊದಲೇ ಬೂಸ್ಟು ಹಿಡಿಯುತ್ತದೆ. ಅಲ್ಲಿನ ಬಾಕ್ವಾ ಇದ್ದಿಲ ಕೆಂಡದ ಮೇಲೆ ಸುಡುವ ತಿಂಡಿಯಾಯಿತು. ತವರಿನದಕ್ಕಿಂತ ಹೆಚ್ಚು ಸಿಹಿಯಾಯಿತು. ಸೀಳಿದ ಮಾಂಸದ ಜೊತೆ ಕೊಚ್ಚಿದ ಮಾಂಸದ ಹಾಳೆಯೂ ಬಂತು. ಆಮೇಲಾಮೇಲೆ ಖಾರದ ಬಾಕ್ವಾ ಬಂತು. ಮೆಣಸಿನಕಾಯಿ ಇಲ್ಲದೆ ಮಲಯಾ ನಾಡಿನ ಯಾವ ಅಡುಗೆ ತಾನೇ ಪೂರ್ತಿಯಾದೀತು?

ಈ ವ್ಯಾಪಾರ ಬೆಳೆದದ್ದು ಬೀದಿಬದಿಯಿಂದ. ಕಿಮ್ ಹಾಕ್ ಗುವಾನ್ ಎಂಬ ಅಂಗಡಿ 1905ರಿಂದ ಇರುವುದಾಗಿ ಹೇಳಿಕೊಳ್ಳುತ್ತದೆ. ಇಂದು ಹಲವು ದೇಶಗಳಲ್ಲಿ ಮಳಿಗೆ ಇಟ್ಟಿರುವ ಬೀ ಚೆಂಗ್ ಹಿಯಾಂಗ್ ಶುರುವಾದದ್ದು 1933ರಲ್ಲಿ. ನ್ಯೂ ಬ್ರಿಡ್ಜ್ ರಸ್ತೆಯ ಲಿಮ್ ಚೀ ಗುವಾನ್ 1938ರದ್ದು. ಹಬ್ಬದ ಮುಂಚಿನ ಸಾಲುಗಳಿಗೆ ಈ ಕೊನೆಯದು ಬಹಳ ಹೆಸರಾದದ್ದು; ನೀವು ಕಂಡ ಸಾಲು ಬಹುಶಃ ಅದರದೇ ಇರಬಹುದು.

ಆ ಸಾಲಿನ ಬಗ್ಗೆ ಒಂದೆರಡು ಮಾತು. ಚೀನೀ ಹೊಸ ವರ್ಷ ಜನವರಿ 21ರಿಂದ ಫೆಬ್ರುವರಿ 20ರ ನಡುವೆ ಬರುತ್ತದೆ. ಹತ್ತಿರವಾದಂತೆ ಬಾಕ್ವಾದ ಬೆಲೆ ಏರುತ್ತದೆ. ಕಿಲೋಗೆ 60 ಸಿಂಗಪುರ ಡಾಲರ್ ದಾಟುವುದು ಈಗ ಮಾಮೂಲು. ಬೆಲೆ ಏರಿದರೂ ಜನ ಗಂಟೆಗಟ್ಟಲೆ ಕಾಯುತ್ತಾರೆ. ಒಬ್ಬರಿಗೆ ಇಷ್ಟೇ ಕಿಲೋ ಎಂದು ಅಂಗಡಿಯವರು ಮಿತಿ ಹಾಕಿದ್ದೂ ಉಂಟು. ಕೊಳ್ಳುವುದು ತಮಗೆ ಮಾತ್ರವಲ್ಲ. ಅತ್ತೆ ಮಾವಂದಿರಿಗೆ, ಕಚೇರಿಯ ಹಿರಿಯರಿಗೆ, ಕಷ್ಟದಲ್ಲಿ ನೆರವಾದ ನೆರೆಯವರಿಗೆ ಕೆಂಪು ಕಾಗದದ ಪೊಟ್ಟಣ ಒಯ್ದುಕೊಡಬೇಕು. ಕೆಂಪು ಅವರಿಗೆ ಮಂಗಳದ ಬಣ್ಣ, ಹಾಳೆಯ ಬಣ್ಣವೂ ಅದೇ. ಹಳೇ ನಾಣ್ಯದ ಹಾಗೆ ದುಂಡಗೆ ಕತ್ತರಿಸಿದ ಬಾಕ್ವಾವನ್ನೂ ಮಾರುತ್ತಾರೆ. ಮನೆಗೆ ಸಿರಿ ಬರಲಿ ಎಂಬ ಹಾರೈಕೆ ಅದರಲ್ಲಿದೆ. ಇಂಥ ಊರಿನಲ್ಲಿ ಹಬ್ಬಕ್ಕೆ ಬರಿಗೈಲಿ ಹೋಗುವುದು ಹೇಗೆ? ವರ್ಷದ ಉಳಿದ ದಿನ ಬಾಕ್ವಾ ಸಲೀಸಾಗಿ, ಕಡಿಮೆ ಬೆಲೆಗೆ ಸಿಗುತ್ತದೆ, ಆದರೂ ಹಬ್ಬದ ಹೊತ್ತಿಗೇ ಸಾಲು ನಿಲ್ಲುತ್ತಾರೆ. ಕೊಡುವವರು ಕಾದು ತಂದಿದ್ದಾರೆ ಎನ್ನುವುದು ಪಡೆಯುವವರಿಗೂ ಗೊತ್ತಿರುತ್ತದೆ.

ಬಾಕ್ವಾ ಒಂದೇ ಹೀಗಾದದ್ದಲ್ಲ. ಹೊಸ ವರ್ಷಕ್ಕೆ ಸಿಂಗಪುರದವರು ಹಸಿ ಮೀನು, ತರಕಾರಿ ಎಳೆಗಳನ್ನು ಎಲ್ಲರೂ ಸೇರಿ ಚಾಪ್‌ಸ್ಟಿಕ್‌ನಿಂದ ಮೇಲಕ್ಕೆ ಚಿಮ್ಮಿಸಿ ಕಲಸುವ ಯೂಶೆಂಗ್, ಈಗಿನ ರೂಪ ಪಡೆದದ್ದು 1960ರ ದಶಕದಲ್ಲಿ, ನಾಲ್ವರು ಬಾಣಸಿಗರ ಕೈಯಲ್ಲಿ ಎಂದು ಅಲ್ಲಿಯವರು ಹೇಳುತ್ತಾರೆ. ಮಲೇಷ್ಯಾದ ಸೆರೆಂಬಾನಿನವರು ನಾವೇ ಮೊದಲು ಎನ್ನುತ್ತಾರೆ. ಹಂದಿಯ ಪಕ್ಕೆಲುಬನ್ನು ಗಿಡಮೂಲಿಕೆಗಳೊಡನೆ ಕುದಿಸುವ ಬಾಕ್ ಕುಟ್ ತೇ ಕ್ಲಾಂಗ್ ಬಂದರಿನ ಕೂಲಿಕಾರರ ಊಟವಾಗಿತ್ತು. 2024ರಲ್ಲಿ ಮಲೇಷ್ಯಾ ಸರ್ಕಾರ ಅದನ್ನು ರಾಷ್ಟ್ರೀಯ ಪರಂಪರೆಯ ಆಹಾರಗಳ ಪಟ್ಟಿಗೆ ಸೇರಿಸಿದಾಗ, ಮುಸ್ಲಿಮರೇ ಬಹುಸಂಖ್ಯಾತರಾದ ದೇಶದಲ್ಲಿ ದೊಡ್ಡ ಚರ್ಚೆಯೇ ಆಯಿತು. ಅಲ್ಲಿ ಚೀನೀಯರ ನೆರೆಹೊರೆ ಎಲ್ಲ ಧರ್ಮದವರದು. ಅದಕ್ಕೇ ಕೋಳಿಯ ಬಾಕ್ವಾ, ದನದ ಮಾಂಸದ ಬಾಕ್ವಾ ಸಿಗುತ್ತವೆ. ವ್ರತ ಹಿಡಿದ ಬೌದ್ಧರಿಗೆ ಸೋಯಾ, ಅಣಬೆಗಳಿಂದ ಮಾಡಿದ ಶಾಕಾಹಾರದ ಬಾಕ್ವಾ ಕೂಡ ಇದೆ.

ಇನ್ನೊಂದು ಸಂಗತಿ ನನಗೆ ತುಂಬ ಇಷ್ಟ. ನ್ಯೂಯಾರ್ಕಿನ ಚೈನಾಟೌನಿನಲ್ಲಿ ಇದೇ ತಿಂಡಿ ‘ಮಲೇಷಿಯನ್ ಬೀಫ್ ಜರ್ಕಿ’ ಎಂಬ ಹೆಸರಲ್ಲಿ ಮಾರಾಟವಾಗುತ್ತದೆ. ಚೀನೀಯರೇ ತುಂಬಿರುವ ಬೀದಿಯಲ್ಲಿ, ಚೀನೀ ಮೂಲದ ತಿಂಡಿಗೆ ಮಲೇಷ್ಯಾದ ಹೆಸರು. ಎಲ್ಲಿ ರುಚಿ ಕಟ್ಟಿತೋ ಆ ಊರನ್ನು ಮಾರುವವರೇ ಒಪ್ಪಿಕೊಂಡಿದ್ದಾರೆ. ನಿಮ್ಮ ಪ್ರಶ್ನೆಗೆ ನಾನು ಕೊಟ್ಟ ಉತ್ತರಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ನಮ್ಮ ದೇಶದಲ್ಲೂ ಈ ಕಥೆಯ ಒಂದು ಎಳೆ ಇದೆ. 18ನೇ ಶತಮಾನದ ಕೊನೆಯಲ್ಲಿ, ವಾರನ್ ಹೇಸ್ಟಿಂಗ್ಸ್ ಕಾಲದಲ್ಲಿ, ಟಾಂಗ್ ಅಚ್ಯೂ ಎಂಬ ಚೀನೀ ವ್ಯಾಪಾರಿ ಕೋಲ್ಕತ್ತದ ದಕ್ಷಿಣಕ್ಕೆ ಹೂಗ್ಲಿ ದಂಡೆಯಲ್ಲಿ ಜಮೀನು ಪಡೆದು ಕಬ್ಬು ಬೆಳೆದ, ಸಕ್ಕರೆ ಗಾಣ ಹಾಕಿದ. ಅವನ ಹೆಸರಿನಿಂದಲೇ ಆ ಊರು ಅಚೀಪುರ. ಅಚ್ಯೂನ ಹಿಂದೆ ಬಂದವರು ಕೋಲ್ಕತ್ತದ ಟಿರೆಟ್ಟಾ ಬಜಾರು, ಆಮೇಲೆ ಟಾಂಗ್ರಾದಲ್ಲಿ ನೆಲೆ ನಿಂತು ಚರ್ಮ ಹದ ಮಾಡಿದರು, ಬಡಗಿಗಳಾದರು, ಸಾಸ್ ಕಾರ್ಖಾನೆ ತೆರೆದರು. 1962ರ ಯುದ್ಧದ ಸಮಯದಲ್ಲಿ ಭಾರತದ ಸಾವಿರಾರು ಚೀನೀ ಮೂಲದವರನ್ನು ರಾಜಸ್ಥಾನದ ದೇವಲಿ ಶಿಬಿರಕ್ಕೆ ಸಾಗಿಸಿ ಕೂಡಿಹಾಕಲಾಯಿತು. ಇಲ್ಲೇ ಹುಟ್ಟಿ ಬೆಳೆದ ಮಕ್ಕಳೂ ಅವರಲ್ಲಿದ್ದರು. ಈ ಅನ್ಯಾಯದ ಬಗ್ಗೆ ನಾವು ಮಾತಾಡಿದ್ದು ತೀರ ಕಡಿಮೆ. ಬಿಡುಗಡೆಯಾದ ಮೇಲೆ ಎಷ್ಟೋ ಕುಟುಂಬಗಳು ಕೆನಡಾ, ಆಸ್ಟ್ರೇಲಿಯಾಗಳಿಗೆ ಹೊರಟುಹೋದವು. ಉಳಿದವರು ಟಿರೆಟ್ಟಾ ಬಜಾರಿನಲ್ಲಿ ಬೆಳಗಿನ ತಿಂಡಿಯ ಸಂತೆಯನ್ನು ಬಿಡದೆ ನಡೆಸಿಕೊಂಡು ಬಂದಿದ್ದಾರೆ. ಆ ಬಜಾರಿನಲ್ಲಿ ಇಂದಿಗೂ ಚೀನೀ ಒಣ ಸಾಸೇಜ್ ಸಿಗುತ್ತದೆ. ಸಿಂಗಪುರದ ತನಕ ಹೋಗದೆ ಈ ಮನೆತನದ ರುಚಿ ನೋಡಬೇಕೆಂದರೆ ಅದೇ ಜಾಗ. ಬೆಳಿಗ್ಗೆ ಬೇಗ ಹೋಗಬೇಕು.

ಕೋಲ್ಕತ್ತದಲ್ಲಿ ಹುಟ್ಟಿದ ಚೀನೀ ಮೂಲದ ನೆಲ್ಸನ್ ವಾಂಗ್ 1975ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದಲ್ಲಿ ಚಿಕನ್ ಮಂಚೂರಿಯನ್ ಮಾಡಿದ್ದಾಗಿ ಹೇಳಿಕೊಂಡಿದ್ದಾರೆ. ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿಗೆ ಗರಂ ಮಸಾಲೆಯ ಬದಲು ಸೋಯಾ ಸಾಸ್ ಹಾಕಿದರಂತೆ. ಆ ಮಂಚೂರಿ ಹೂಕೋಸಿನ ಮೇಲೇರಿ ನಮ್ಮ ಬೀದಿಬೀದಿಗೆ ಬಂತು. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೇ ನಿಷೇಧಿಸಬೇಕಾಯಿತು. ಗೋಬಿ ಮಂಚೂರಿ ನಮ್ಮದೇ ತಿಂಡಿ ಎಂದು ಒಪ್ಪುವವರು ಬಾಕ್ವಾವನ್ನು ಸಿಂಗಪುರದವರದೆಂದು ಒಪ್ಪಲು ಹಿಂಜರಿಯಬೇಕಿಲ್ಲ.

ಕೊನೆಗೆ, ಊರಿಗೆ ತರುವ ವಿಷಯ. ತರದೇ ಇದ್ದದ್ದು ಒಳ್ಳೆಯದೇ ಆಯಿತು. ಹಂದಿಗಳಿಗೆ ಮಾರಕವಾದ ಆಫ್ರಿಕನ್ ಹಂದಿ ಜ್ವರ 2018ರ ಆಗಸ್ಟ್‌ನಲ್ಲಿ ಚೀನಾದಲ್ಲಿ ಕಾಣಿಸಿಕೊಂಡಿತು, 2020ರಲ್ಲಿ ಅಸ್ಸಾಂ, ಅರುಣಾಚಲದ ಮೂಲಕ ನಮ್ಮಲ್ಲಿಗೂ ಬಂತು. ಮನುಷ್ಯರಿಗೆ ಅದು ತಗಲುವುದಿಲ್ಲ. ಆದರೆ ಅದರ ವೈರಾಣು ಒಣಗಿಸಿದ, ಉಪ್ಪು ಹಾಕಿದ ಹಂದಿಮಾಂಸದಲ್ಲಿ ತಿಂಗಳುಗಟ್ಟಲೆ ಬದುಕಿರಬಲ್ಲದು. ತಿಂದು ಬಿಸಾಡಿದ ಒಂದು ಚೂರು ಹಂದಿಯ ಬಾಯಿಗೆ ಬಿದ್ದರೂ ಸಾಕು. ಅದಕ್ಕೇ ತೈವಾನ್, ರೋಗ ಇರುವ ದೇಶಗಳಿಂದ ಹಂದಿಮಾಂಸದ ಪದಾರ್ಥ ತಂದವರಿಗೆ ಮೊದಲ ಸಲಕ್ಕೇ 2 ಲಕ್ಷ ತೈವಾನ್ ಡಾಲರ್ ದಂಡ ಹಾಕುತ್ತದೆ. ನಮ್ಮ ವಿಮಾನ ನಿಲ್ದಾಣಗಳ ಕಸ್ಟಮ್ಸ್ ಫಾರ್ಮಿನಲ್ಲೂ ಮಾಂಸ, ಮಾಂಸದ ಪದಾರ್ಥ ತಂದಿದ್ದೀರಾ ಎಂದು ಕೇಳುತ್ತಾರೆ. ತಂದಿದ್ದರೆ ಹೇಳಲೇಬೇಕು, ಅವರು ಹಿಡಿದಿಟ್ಟುಕೊಂಡರೆ ಬೇಸರಪಡಬಾರದು. ಕೊಡಗಿನಲ್ಲೋ ಈಶಾನ್ಯ ರಾಜ್ಯಗಳಲ್ಲೋ ನಾಲ್ಕು ಹಂದಿ ಸಾಕಿ ಬದುಕುವವರಿಗೆ ಆ ಜ್ವರ ಬಂದರೆ ಕೊಟ್ಟಿಗೆಯೇ ಖಾಲಿಯಾಗುತ್ತದೆ.

ತಿನ್ನುವ ಬಗ್ಗೆಯೂ ಒಂದು ಎಚ್ಚರಿಕೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ, ಸಂಸ್ಕರಿಸಿದ ಮಾಂಸವನ್ನು ದಿನಕ್ಕೆ 50 ಗ್ರಾಂನಂತೆ ನಿತ್ಯ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ಸುಮಾರು ಶೇ. 18ರಷ್ಟು ಹೆಚ್ಚುತ್ತದೆ ಎಂದಿತು. ಬಾಕ್ವಾದಲ್ಲಿ ಸಕ್ಕರೆ, ಉಪ್ಪು, ಕೊಬ್ಬು ಮೂರೂ ಧಾರಾಳ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ಒಂದು ಚೂರಿಗೆ ನಿಲ್ಲಿಸಬೇಕು.

ಮುಂದಿನ ಸಲ ಹೋದಾಗ ಹಬ್ಬ ಕಳೆದ ಮೇಲೆ ಹೋಗಿ. ಸಾಲು ಇರುವುದಿಲ್ಲ, ಬೆಲೆ ಇಳಿದಿರುತ್ತದೆ. ಯಾವ ಮಾಂಸ ಎಂದು ಮೊದಲೇ ಕೇಳಿ. ಕೊಚ್ಚಿದ್ದೋ ಸೀಳಿದ್ದೋ ಎಂದೂ ಕೇಳಿ. ಕೊಚ್ಚಿದ್ದು ಮೃದು, ಸೀಳಿದ್ದರಲ್ಲಿ ಮಾಂಸದ ಎಳೆ ಹಲ್ಲಿಗೆ ಸಿಗುತ್ತದೆ. ನನಗೆ ಸೀಳಿದ್ದೇ ಹೆಚ್ಚು ಇಷ್ಟ. ಜಾಲರಿಯಿಂದ ಆಗತಾನೆ ಇಳಿಸಿದ ಒಂದೇ ಹಾಳೆಯನ್ನು ತೂಗಿಸಿಕೊಂಡು ಅಂಗಡಿಯ ಮುಂದೆಯೇ ತಿನ್ನಿ. ಮನೆಗೆ ಒಯ್ದದ್ದು ಆರಿ ಗಟ್ಟಿಯಾದರೆ ಒಣ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಎರಡೂ ಮಗ್ಗುಲು ಬಿಸಿ ಮಾಡಿ. ಸಕ್ಕರೆ ಕರಗಿ ಮತ್ತೆ ಮೆತ್ತಗಾಗುತ್ತದೆ.